ಲೈಸನ್ಸಿನಲ್ಲಿ ಏನೇನು ಬರೆಸಿಕೊಳ್ಳಬೇಕು? – ನಮ್ಮೂರ ಲಾರಿಯವರ ಕಥೆ

ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕೊಡಬೇಕೆಂದು ಅಧ್ಯಕ್ಷರೂ ಕಾರ್ಯದರ್ಶಿಯವರೂ ಕೇಳಿಕೊಂಡಾಗ ನಾವು ಸ್ವಲ್ಪ ಯೋಚನೆಗೆ ಬಿದ್ದೆವು. ದೇವಸ್ಥಾನದ ಇತಿಹಾಸ, ಶಾಲೆಯ ಇತಿಹಾಸ, ಸಂಘ ಕಟ್ಟಿದ ಹಿರಿಯರ ನೆನಪು, ಇವನ್ನೆಲ್ಲ ಬರೆಯಲು ನಮಗಿಂತ ಬಲ್ಲವರು ಇದ್ದಾರೆ. ಆದರೆ ಸದಸ್ಯರ ಪುಸ್ತಕ ಬಿಡಿಸಿ ನೋಡಿದರೆ, ಗದ್ದೆ ತೋಟದವರನ್ನು ಬಿಟ್ಟರೆ ಅತಿ ಹೆಚ್ಚು ಸಿಗುವವರು ಸ್ಟಿಯರಿಂಗ್ ಹಿಡಿದು ಸಂಸಾರ ಸಾಕಿದವರೇ. ಮಂಗಳೂರು ನಗರದ ಬೆನ್ನಿಗೆ ಅಂಟಿಕೊಂಡ ಊರು ನಮ್ಮದು. ಒಂದು ಕಡೆ ಬಂದರು, ಇನ್ನೊಂದು ಕಡೆ ಹೆದ್ದಾರಿ. ಇಷ್ಟಾದರೂ ಲಾರಿಯವರ ಬಗ್ಗೆ ಯಾವ ಸಂಚಿಕೆಯಲ್ಲೂ ಯಾರೂ ಒಂದು ಪುಟ ಬರೆದದ್ದಿಲ್ಲ. ಆ ಕೊರತೆಯನ್ನು ನೀಗಿಸುವ ಸಣ್ಣ ಪ್ರಯತ್ನ ಇದು.

ಬರೆಯಲಿಕ್ಕೆ ಇನ್ನೊಂದು ಕಾರಣವೂ ಉಂಟು. ಸಂಘದ ಜಗಲಿಯಲ್ಲಿ ಕೂತಿರುವಾಗ ಊರಿನ ಹುಡುಗರು ಬಂದು ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ಲೈಸನ್ಸಿಗೆ ಹೆವಿ ಹಾಕಿಸ್ಬೇಕು ಅಂತ ಉಂಟು. ಬ್ಯಾಡ್ಜ್ ಸಹ ಬೇಕಾ? ಹಜಾರ್ಡ್ ಇದ್ರೆ ಒಳ್ಳೆ ಸಂಬಳ ಅಂತಾರಲ್ಲ, ಹೌದಾ?" ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲ. ಊರಿನ ಕಥೆ ಗೊತ್ತಿದ್ದರೆ ಉತ್ತರ ತಾನಾಗಿ ಸಿಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಗಾಡಿಯಿಂದ ಮೋಟಾರಿಗೆ

1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನವರು ಹಂಚಿನ ಕಾರ್ಖಾನೆ ಸುರು ಮಾಡಿದ ಕಾಲದಲ್ಲಿ ಆವೆಮಣ್ಣು ಬರುತ್ತಿದ್ದದ್ದೂ ಹಂಚು ಹೋಗುತ್ತಿದ್ದದ್ದೂ ದೋಣಿ, ಮಂಜಿ ಮತ್ತು ಎತ್ತಿನ ಗಾಡಿಗಳಲ್ಲಿ. ಗಾಡಿ ಹೊಡೆಯುವವನನ್ನು ಯಾರೂ ಪರೀಕ್ಷೆಗೆ ನಿಲ್ಲಿಸುತ್ತಿರಲಿಲ್ಲ. ಎತ್ತುಗಳಿಗೆ ದಾರಿ ಗೊತ್ತಿತ್ತು, ಗಾಡಿಯವನಿಗೆ ಎತ್ತುಗಳು ಗೊತ್ತಿದ್ದವು, ಅಷ್ಟೇ.

ಮೋಟಾರು ಬಂದ ಮೇಲೆ ಕಾನೂನೂ ಬಂತು. ಬ್ರಿಟಿಷ್ ಇಂಡಿಯಾಕ್ಕೆಲ್ಲ ಒಂದೇ ಆದ ಮೊದಲ ಮೋಟಾರು ವಾಹನ ಕಾಯ್ದೆ 1914ರದ್ದು. ಅದಕ್ಕಿಂತ ವಿವರವಾದದ್ದು 1939ರದ್ದು. ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. 1940ರ ಮದರಾಸು ಮೋಟಾರು ವಾಹನ ನಿಯಮಗಳೇ ಇಲ್ಲಿಯೂ ನಡೆಯುತ್ತಿದ್ದವು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು.

ಆ 1939ರ ಕಾಯ್ದೆಯಲ್ಲಿ ಒಂದು ಮಾತು ಇತ್ತು. ಲೈಸನ್ಸ್ ಇದ್ದರೆ ಮಾತ್ರ ಸಾಲದು. ಸಂಬಳಕ್ಕೆ ನಿಂತು ಓಡಿಸುವುದಾದರೆ, ಅಥವಾ ಸಾರಿಗೆ ವಾಹನ ಓಡಿಸುವುದಾದರೆ, ಅದಕ್ಕೆ ಅನುಮತಿ ಉಂಟೆಂದು ಲೈಸನ್ಸಿನಲ್ಲಿ ಪ್ರತ್ಯೇಕವಾಗಿ ಬರೆದಿರಬೇಕು. ಇವತ್ತು ಹುಡುಗರು "ಹಾಕಿಸುವುದು" ಎನ್ನುತ್ತಾರಲ್ಲ, ಅದರ ಬೇರು ಇಲ್ಲಿದೆ. ಓಡಿಸಲು ಬರುತ್ತದೆ ಎನ್ನುವುದು ಒಂದು, ಅದರಿಂದ ಹೊಟ್ಟೆ ಹೊರೆಯಲು ಅನುಮತಿ ಉಂಟು ಎನ್ನುವುದು ಇನ್ನೊಂದು. ಕಾನೂನು ಇವೆರಡನ್ನೂ ಅಂದೇ ಬೇರೆ ಮಾಡಿತ್ತು.

ಆದರೆ ಆಗಿನವರು ಕಲಿತದ್ದು ಶಾಲೆಯಲ್ಲಲ್ಲ. ಸಿಪಿಸಿ, ಶಂಕರ ವಿಠಲ, ಹನುಮಾನ್ ಮುಂತಾದ ಬಸ್ಸಿನ ಹೆಸರುಗಳನ್ನು ಹಿರಿಯ ಸದಸ್ಯರು ಇಂದಿಗೂ ನೆನೆಯುತ್ತಾರೆ. ಅಂಥ ಬಸ್ಸುಗಳಲ್ಲಿ, ಹಂಚಿನ ಲಾರಿಗಳಲ್ಲಿ ಹುಡುಗರು ಕ್ಲೀನರಾಗಿ ಸೇರಿ, ನೀರು ಹೊಯ್ದು, ಟಯರು ಬಿಚ್ಚಿ, ಡ್ರೈವರಣ್ಣನ ಬೈಗುಳ ತಿಂದು, ಖಾಲಿ ಗಾಡಿಯನ್ನು ಶೆಡ್ಡಿಗೆ ಬಿಡುವ ನೆಪದಲ್ಲಿ ಸ್ಟಿಯರಿಂಗ್ ಮುಟ್ಟುತ್ತಿದ್ದರು. 1954ರಿಂದ ಜಮ್‌ಶೇಡ್‌ಪುರದ ಟಾಟಾ–ಮರ್ಸಿಡಿಸ್ ಲಾರಿಗಳು ಬಂದ ಮೇಲೆ ಈ ಕೆಲಸಕ್ಕೆ ಜನ ಹೆಚ್ಚು ಬೇಕಾಯಿತು. ಐದಾರು ವರ್ಷ ಕ್ಲೀನರ್ ಆಗಿದ್ದವನಿಗೆ ಲೈಸನ್ಸ್ ಎಂದರೆ ಕಲಿತು ಮುಗಿದ ಮೇಲೆ ಸಿಗುವ ಕಾಗದ. ಈಗ ಅದು ತಿರುಗಿ ಬಿದ್ದಿದೆ. ಕಾಗದ ಮೊದಲು, ಕಲಿಯುವುದು ಆಮೇಲೆ.

ಬಂದರು ಬಂದ ಮೇಲೆ

ಹಳೆ ಬಂದರು ಮತ್ತು ಧಕ್ಕೆಯಷ್ಟೇ ಇದ್ದ ಮಂಗಳೂರಿಗೆ ಪಣಂಬೂರಿನಲ್ಲಿ ನವಮಂಗಳೂರು ಬಂದರು ಆಯಿತು. 1974ರ ಮೇ 4ರಂದು ಅದನ್ನು ದೇಶದ ಒಂಬತ್ತನೆಯ ದೊಡ್ಡ ಬಂದರೆಂದು ಘೋಷಿಸಿದರು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಹತ್ತಿರದಲ್ಲೇ ರಸಗೊಬ್ಬರ ಕಾರ್ಖಾನೆ, ಬೈಕಂಪಾಡಿಯಲ್ಲಿ ಕೈಗಾರಿಕಾ ಪ್ರದೇಶ, 1996ರಲ್ಲಿ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ. ಗೊಬ್ಬರ, ಮರ, ಗೋಡಂಬಿ, ಕಾಫಿ, ಅದಿರು, ಎಣ್ಣೆ, ಅನಿಲ, ಹೀಗೆ ಒಂದೊಂದು ಸರಕು ಬಂದ ಹಾಗೆ ಒಂದೊಂದು ಬಗೆಯ ಗಾಡಿ ಬಂತು.

ನಮ್ಮೂರಲ್ಲಿ "ಹೆವಿ" ಎಂಬ ಮಾತಿಗೆ ಗತ್ತು ಬಂದದ್ದು ಈ ಕಾಲದಲ್ಲಿ. ಶಿರಾಡಿ ಘಾಟಿಯಲ್ಲಿ ಲೋಡು ಗಾಡಿ ಹತ್ತಿಸಿದವನೆಂದರೆ ಹೆಣ್ಣು ಕೊಡುವವರೂ ಒಂದು ಮಾತು ಹೆಚ್ಚು ಕೇಳುತ್ತಿರಲಿಲ್ಲ! ಕೆಲವರು ಇದೇ ಹೆವಿ ಲೈಸನ್ಸ್ ಹಿಡಿದು ಗಲ್ಫಿಗೆ ಹೋದರು. ಅಲ್ಲಿ ಇಳಿದ ಮೇಲೆ ಮತ್ತೆ ಪರೀಕ್ಷೆಗೆ ಕೂರಬೇಕು, ರಸ್ತೆಯ ಬಲಬದಿಯಲ್ಲಿ ಓಡಿಸಬೇಕು ಎಂದು ತಿಳಿದು ಬೆವರಿದ ಕಥೆಗಳನ್ನು ರಜೆಯಲ್ಲಿ ಬಂದಾಗ ಹೇಳುತ್ತಿದ್ದರು.

ಅದಿರಿನ ಕಾಲವನ್ನು ನೆನೆಯದೆ ಈ ಕಥೆ ಪೂರ್ತಿ ಆಗುವುದಿಲ್ಲ. ಕುದುರೆಮುಖದ ಅದಿರು ಕೊಳವೆಯಲ್ಲಿ ನೀರಿನೊಂದಿಗೆ ಹರಿದು ಬರುತ್ತಿತ್ತು, ಅದರಿಂದ ಲಾರಿಯವರಿಗೆ ಲಾಭವಿರಲಿಲ್ಲ. ಆದರೆ ಹೊಸಪೇಟೆ, ಬಳ್ಳಾರಿ ಕಡೆಯ ಅದಿರು 2000ದ ದಶಕದಲ್ಲಿ ಲಾರಿ ಲಾರಿಯಾಗಿ ಘಾಟಿ ಇಳಿಯಿತು. ಲೈಟ್ ಲೈಸನ್ಸಿನ ಹುಡುಗರೆಲ್ಲ ಹೆವಿಗೆ ಓಡಿದರು, ಸಾಲ ಮಾಡಿ ಲಾರಿ ತೆಗೆದರು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಗಾಡಿಗಳು ಹೆದ್ದಾರಿ ಬದಿಯಲ್ಲಿ ಹುಲ್ಲು ಬೆಳೆಯುವ ತನಕ ನಿಂತವು. ಒಂದೇ ಸರಕನ್ನು ನಂಬಿ ಲೈಸನ್ಸ್ ಮಾಡಿಸಬಾರದು ಎಂಬ ಮೊದಲ ಪಾಠ ಅಲ್ಲಿಯದು.

ಪುಸ್ತಕ ಬದಲಾಯಿತು

1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂತು. ಹದಿನೆಂಟಕ್ಕೆ ಲೈಟ್ ಲೈಸನ್ಸ್. ಸಾರ್ವಜನಿಕ ರಸ್ತೆಯಲ್ಲಿ ಸಾರಿಗೆ ವಾಹನಕ್ಕೆ ಇಪ್ಪತ್ತು ವರ್ಷ ಆಗಿರಬೇಕು ಎಂಬುದು ಅದರಲ್ಲಿದೆ. ಲಾರಿಗಳನ್ನು ಮಧ್ಯಮ, ಭಾರಿ ಎಂದು ಮೆಟ್ಟಿಲಿನ ಹಾಗೆ ಬೇರೆ ಬೇರೆ ಇಟ್ಟಿದ್ದರು. 1994ರ ತಿದ್ದುಪಡಿಯಲ್ಲಿ ಆ ಮೆಟ್ಟಿಲುಗಳನ್ನು ತೆಗೆದು "ಸಾರಿಗೆ ವಾಹನ" ಎಂದು ಒಂದೇ ವರ್ಗ ಮಾಡಿದರು. ಕಾರ್ಡಿನಲ್ಲಿ ಕಾಣುವ "ಟ್ರಾನ್ಸ್" ಎಂಬುದು ಅದೇ. ಅದರ ಕಲಿಕಾ ಲೈಸನ್ಸಿಗೆ ಮೊದಲು ಲೈಟ್ ಲೈಸನ್ಸ್ ಸಿಕ್ಕಿ ಒಂದು ವರ್ಷ ಆಗಿರಬೇಕು. ಡ್ರೈವಿಂಗ್ ಶಾಲೆಯ ಸರ್ಟಿಫಿಕೇಟ್ ಬೇಕು, ಡಾಕ್ಟರ ಸರ್ಟಿಫಿಕೇಟ್ ಬೇಕು. ಎಂಟನೇ ತರಗತಿ ಪಾಸಾಗಿರಬೇಕು ಎಂಬ ನಿಯಮವೂ ಕೆಲವು ವರ್ಷ ಇತ್ತು; 2019ರಲ್ಲಿ ಅದನ್ನು ತೆಗೆದರು. ಓದು ಅರ್ಧಕ್ಕೆ ಬಿಟ್ಟ ನಮ್ಮ ಹಲವರಿಗೆ ಅದರಿಂದ ಉಪಕಾರವಾಯಿತು.

ಒಂದು ವಿಷಯವನ್ನು ಇಲ್ಲಿ ಹೇಳಬೇಕು. "ಎಂಡಾರ್ಸ್‌ಮೆಂಟ್" ಎಂಬ ಮಾತನ್ನು ನಮ್ಮವರು ಹೊಸ ವರ್ಗ ಸೇರಿಸುವುದಕ್ಕೆ ಬಳಸುತ್ತಾರೆ. ಕಾಯ್ದೆಯಲ್ಲಿ ಹಾಗೆ ಸೇರಿಸುವುದಕ್ಕೆ "ಸೇರ್ಪಡೆ" ಎಂಬ ಅರ್ಥದ ಬೇರೆ ಪದ ಉಂಟು. ಎಂಡಾರ್ಸ್‌ಮೆಂಟ್ ಎಂದರೆ ತಪ್ಪು ಮಾಡಿದ ಚಾಲಕನ ಶಿಕ್ಷೆಯನ್ನು ಕೋರ್ಟು ಅವನ ಲೈಸನ್ಸಿನಲ್ಲಿ ಬರೆಯುವುದು! ಹಳೆ ಪುಸ್ತಕದ ಲೈಸನ್ಸಿನಲ್ಲಿ ಎರಡಕ್ಕೂ ಜಾಗ ಇತ್ತು. ನಮ್ಮ ಹಿರಿಯ ಚಾಲಕರೊಬ್ಬರು ತಮ್ಮ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೇವರ ಫೋಟೋದ ಹಿಂದೆ ಇಟ್ಟಿದ್ದರು. "ಹೆವಿ ಸೀಲಿಗಿಂತ ಈ ಖಾಲಿ ಪುಟ ದೊಡ್ಡದು ಮಾರಾಯ್ರೆ" ಎಂದು ಶಿಕ್ಷೆ ಬರೆಯುವ ಪುಟವನ್ನು ತೋರಿಸುತ್ತಿದ್ದರು.

ಗ್ಯಾಸಿನ ಗಾಡಿ

ಈಗ ಹುಡುಗರು ಹೆಚ್ಚು ಕೇಳುವ ಹಜಾರ್ಡಿನ ವಿಷಯಕ್ಕೆ ಬರುತ್ತೇವೆ. 1984ರ ಡಿಸೆಂಬರಿನಲ್ಲಿ ಭೋಪಾಲದ ದುರಂತ ಆದ ನಂತರ ದೇಶದಲ್ಲಿ ಅಪಾಯಕಾರಿ ವಸ್ತುಗಳ ಬಗ್ಗೆ ಕಣ್ಣು ತೆರೆಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಪೆಟ್ರೋಲು, ಅಡುಗೆ ಅನಿಲ, ಆಮ್ಲ ಮುಂತಾದವನ್ನು ಸಾಗಿಸುವವನಿಗೆ ಬೇರೆ ಕಟ್ಟುಪಾಡು ಬಂತು. ಮೂರು ದಿನದ ತರಬೇತಿ ಮುಗಿಸಿ ಪಾಸಾಗಬೇಕು. ಆ ಮೇಲೆ ಲೈಸನ್ಸಿನಲ್ಲಿ ಬರೆಸಿಕೊಳ್ಳಬೇಕು. ಸಂವಿಧಾನದ ಎಂಟನೇ ಪರಿಚ್ಛೇದದ ಒಂದು ಭಾಷೆ ಮತ್ತು ಇಂಗ್ಲಿಷು ಓದಲು ಬರೆಯಲು ಬರಬೇಕು. ಮನೆಯಲ್ಲಿ ತುಳು ಆಡುವ ನಮ್ಮವರಿಗೆ ತುಳು ಆ ಪಟ್ಟಿಯಲ್ಲಿಲ್ಲ. ಕನ್ನಡವೋ ಕೊಂಕಣಿಯೋ ಆಗಬೇಕು. ಇಂಗ್ಲಿಷು ಯಾಕೆ ಎಂದರೆ, ಟ್ಯಾಂಕರಿನ ಮೈಮೇಲಿನ ಫಲಕ ಓದಬೇಕು. 1075 ಎಂದಿದ್ದರೆ ಅಡುಗೆ ಅನಿಲ, 1203 ಎಂದಿದ್ದರೆ ಪೆಟ್ರೋಲು, 1202 ಎಂದಿದ್ದರೆ ಡೀಸೆಲ್. ಈ ಸಂಖ್ಯೆಗಳು ಲೋಕಕ್ಕೆಲ್ಲ ಒಂದೇ. ಗಾಡಿ ಉರುಳಿದರೆ ಅಗ್ನಿಶಾಮಕದವರು ಮೊದಲು ನೋಡುವುದೇ ಈ ಫಲಕವನ್ನು.

ಈ ಮೂರು ದಿನದ ತರಬೇತಿಯನ್ನು ಕೆಲವರು ಬರೀ ಸರ್ಟಿಫಿಕೇಟಿನ ಶಾಸ್ತ್ರ ಎಂದು ತಿಳಿಯುತ್ತಾರೆ. ಅಂಥವರಿಗೆ ನಾವು ಎರಡು ತಾರೀಕು ನೆನಪಿಸುತ್ತೇವೆ. 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲದಲ್ಲಿ ಅನಿಲದ ಬುಲೆಟ್ ಟ್ಯಾಂಕರ್ ಉರುಳಿ ಬೆಂಕಿ ಹಿಡಿದು ಇಪ್ಪತ್ತು ಮಂದಿ ತೀರಿಕೊಂಡರು. ಎಂಟು ತಿಂಗಳೂ ಆಗಿರಲಿಲ್ಲ, 2013ರ ಏಪ್ರಿಲ್ 9ರಂದು ನಮ್ಮದೇ ಜಿಲ್ಲೆಯಲ್ಲಿ, ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ, ಹೆದ್ದಾರಿಯಲ್ಲಿ ಅದೇ ಬಗೆಯ ಟ್ಯಾಂಕರ್ ಉರುಳಿತು. ರಸ್ತೆ ಬದಿಯ ಮನೆಗಳಿಗೆ ಬೆಂಕಿ ಹಿಡಿಯಿತು, ಹಲವರ ಪ್ರಾಣ ಹೋಯಿತು. ಬೆಳಿಗ್ಗೆ ಮನೆಯಲ್ಲಿ ತಮ್ಮ ಪಾಡಿಗೆ ಇದ್ದ ಜನ ಅವರು.

ಟ್ಯಾಂಕರಿಗೂ ಬೇರೆ ಲಾರಿಗೂ ಇರುವ ವ್ಯತ್ಯಾಸ ಓಡಿಸಿದವರಿಗೇ ಗೊತ್ತು. ಹಂಚು, ಗೊಬ್ಬರ ಕಟ್ಟಿದಲ್ಲಿ ಕೂತಿರುತ್ತದೆ. ದ್ರವ ಕೂತಿರುವುದಿಲ್ಲ. ಅನಿಲದ ಟ್ಯಾಂಕನ್ನು ಪೂರ್ತಿ ತುಂಬುವಂತೆಯೂ ಇಲ್ಲ, ಬಿಸಿಲಿಗೆ ಹಿಗ್ಗಲು ಜಾಗ ಬಿಡಬೇಕು. ತಿರುವಿನಲ್ಲಿ ಒಳಗಿನ ದ್ರವ ಹೊರಬದಿಗೆ ನುಗ್ಗುತ್ತದೆ. ಬ್ರೇಕ್ ಹಾಕಿದರೆ ಮುಂದಕ್ಕೆ ತಳ್ಳುತ್ತದೆ. ಗಾಡಿ ತಿರುಗಿದ ಮೇಲೂ ಅದರ ಭಾರ ತಿರುಗುತ್ತಲೇ ಇರುತ್ತದೆ. ಅಮೆರಿಕದಲ್ಲಿ ಇದೇ ಕಾರಣಕ್ಕೆ ಟ್ಯಾಂಕಿಗೆ ಒಂದು ನಮೂದು, ಅಪಾಯಕಾರಿ ವಸ್ತುವಿಗೆ ಇನ್ನೊಂದು ನಮೂದು, ಜೋಡಿ ಟ್ರೈಲರಿಗೆ ಮತ್ತೊಂದು ಎಂದು ಬೇರೆ ಬೇರೆ ಪರೀಕ್ಷೆ ಮಾಡಿದ್ದಾರೆ. ನಮ್ಮಲ್ಲಿ ಟ್ಯಾಂಕಿಗೆಂದು ಪ್ರತ್ಯೇಕ ನಮೂದು ಇಲ್ಲ. ಹಾಗಾಗಿ ನಮ್ಮ ಹುಡುಗರು ಅದನ್ನು ಅನುಭವಸ್ಥರ ಪಕ್ಕದಲ್ಲಿ ಕೂತು ಕಲಿಯಬೇಕು, ಬೇರೆ ದಾರಿ ಇಲ್ಲ.

ನಮ್ಮದೇ ಒಂದು ತಪ್ಪು

ರಜತ ಮಹೋತ್ಸವದಲ್ಲಿ ಹೆಮ್ಮೆಯ ಮಾತಿನ ಜತೆಗೆ ತಪ್ಪನ್ನೂ ಒಪ್ಪಿಕೊಳ್ಳುವುದು ಧರ್ಮ. ಸಂಘ ಹಲವು ಸದಸ್ಯರಿಗೆ ವಾಹನ ಸಾಲ ಕೊಟ್ಟಿದೆ. ಆರ್‌ಸಿ ನೋಡಿದೆವು, ಇನ್ಶೂರೆನ್ಸ್ ನೋಡಿದೆವು, ಜಾಮೀನುದಾರರ ಪಹಣಿ ನೋಡಿದೆವು. ಗಾಡಿ ಓಡಿಸುವವನ ಲೈಸನ್ಸನ್ನು ಬಿಡಿಸಿ ನೋಡಲಿಲ್ಲ.

2017ಕ್ಕಿಂತ ಹಿಂದಿನ ಮಾತು. ಸದಸ್ಯರೊಬ್ಬರು ಸಾಲದಲ್ಲಿ ಒಂದು ಸಣ್ಣ ಗೂಡ್ಸ್ ಟೆಂಪೋ ತೆಗೆದರು. ತಂಗಿಯ ಮಗನೇ ಓಡಿಸುತ್ತಿದ್ದ. ಒಳ್ಳೆ ಹುಡುಗ, ಕೈಯೂ ಚೆನ್ನಾಗಿತ್ತು. ಅವನಲ್ಲಿ ಇದ್ದದ್ದು ಲೈಟ್ ಲೈಸನ್ಸ್ ಮಾತ್ರ, ಸಾರಿಗೆಯ ನಮೂದು ಇರಲಿಲ್ಲ. ಒಂದು ಮಳೆಗಾಲದ ಸಂಜೆ ಅಪಘಾತವಾಗಿ ಬೈಕಿನವರೊಬ್ಬರು ತೀರಿಕೊಂಡರು. ಕೇಸಿನಲ್ಲಿ ವಿಮೆಯವರು ಈ ಒಂದು ನಮೂದನ್ನೇ ಹಿಡಿದರು. ಪರಿಹಾರದ ಹೊಣೆ ಮಾಲಕರ ತಲೆಗೆ ಬಂತು. ಅವರು ಎರಡು ಮುಡಿ ಗದ್ದೆ ಮಾರಿದರು. ಹುಡುಗ ಊರು ಬಿಟ್ಟ. ತೀರಿಕೊಂಡವರ ಮನೆಯವರಿಗೂ ಹಣ ಸಿಗಲು ವರ್ಷಗಳು ಹಿಡಿದವು. ಯಾರಿಗೂ ಒಳ್ಳೆಯದಾಗಲಿಲ್ಲ.

ಆ ಮೇಲೆ ಏನಾಯಿತು ನೋಡಿ. 2017ರ ಜುಲೈ 3ರಂದು ಸುಪ್ರೀಂ ಕೋರ್ಟು, ಒಟ್ಟು ತೂಕ 7500 ಕಿಲೋ ಮೀರದ ಸಾರಿಗೆ ವಾಹನ ಓಡಿಸಲು ಲೈಟ್ ಲೈಸನ್ಸೇ ಸಾಕು, ಬೇರೆ ನಮೂದು ಬೇಡ ಎಂದಿತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವೂ ಅದನ್ನೇ ಎತ್ತಿ ಹಿಡಿಯಿತು. ನಮ್ಮ ಸದಸ್ಯರ ಟೆಂಪೋ ಆ ತೂಕದ ಒಳಗೇ ಇತ್ತು. ತೀರ್ಪು ಬಂದ ಪತ್ರಿಕೆಯನ್ನು ಅವರ ಕೈಗೆ ಕೊಟ್ಟಾಗ ಅವರು ಓದಿ, ಮಡಚಿ, "ಗದ್ದೆ ಹೋದದ್ದು ಹೋಯಿತಲ್ಲ" ಎಂದರು. ನಮಗೆ ಉತ್ತರ ತೋಚಲಿಲ್ಲ. ಸಾಲದ ಕಾಗದ ನೋಡಿದ ದಿನ ನಾವು ಒಂದು ಮಾತು ಕೇಳಿದ್ದರೆ, ಹುಡುಗ ಒಂದೆರಡು ತಿಂಗಳಲ್ಲಿ ಆ ನಮೂದು ಮಾಡಿಸಿಕೊಳ್ಳುತ್ತಿದ್ದ.

ಹಾಗಾದರೆ ಏನು ಬರೆಸಿಕೊಳ್ಳಬೇಕು?

ಮೊದಲು ಲೈಟ್ ಲೈಸನ್ಸ್ ಮಾಡಿಸಿ, ಅದರಲ್ಲಿ ನಿಜವಾಗಿ ಗಾಡಿ ಓಡಿಸಿ. ಪಿಕಪ್, ಸಣ್ಣ ಟೆಂಪೋ, ಧಕ್ಕೆಯ ಮೀನು, ಪೇಟೆಯ ದಿನಸಿ, ಇಷ್ಟಕ್ಕೆ ಈಗ ಅದು ಸಾಕು. ಆದರೆ ಆರ್‌ಸಿಯಲ್ಲಿರುವ ಒಟ್ಟು ತೂಕ ನೋಡಿಕೊಳ್ಳಿ. ಖಾಲಿ ಗಾಡಿಯ ತೂಕವಲ್ಲ, ಲೋಡು ಸೇರಿದ ತೂಕ. 7500 ಕಿಲೋಗಿಂತ ಒಂದು ಕಿಲೋ ಹೆಚ್ಚಿದ್ದರೂ ಕೋರ್ಟಿನ ಆ ಮಾತು ನಿಮಗೆ ಅನ್ವಯಿಸುವುದಿಲ್ಲ. ಅಪಾಯಕಾರಿ ವಸ್ತು ಸಾಗಿಸುವ ಗಾಡಿಗೂ ಅದು ಅನ್ವಯಿಸುವುದಿಲ್ಲ.

ಇಪ್ಪತ್ತು ತುಂಬಿದ ಮೇಲೆ ಸಾರಿಗೆಯ ನಮೂದು. ಲಾರಿಯನ್ನೇ ನಂಬಿ ಬದುಕುವವನಿಗೆ ಇದು ಬೇಕೇ ಬೇಕು. ಯಾವ ಸರಕಿಗೂ ಸಲ್ಲುವುದರಿಂದ ಅದಿರು ನಿಂತರೆ ಗೊಬ್ಬರ, ಗೊಬ್ಬರ ನಿಂತರೆ ಕಂಟೈನರ್ ಎಂದು ತಿರುಗಲು ಅವಕಾಶವಿದೆ.

ಬ್ಯಾಡ್ಜ್ ಬೇಕಾಗುವುದು ಜನರನ್ನು ಬಾಡಿಗೆಗೆ ಸಾಗಿಸುವವರಿಗೆ. ಬಸ್ಸಿನ ಕೆಲಸದ ಆಸೆ ಇದ್ದವರು, ಕೆಎಸ್‌ಆರ್‌ಟಿಸಿಗೆ ಅರ್ಜಿ ಹಾಕುವವರು ಮಾಡಿಸಿಕೊಳ್ಳಿ. ಸಹಕಾರಿಗಳಾದ ನಾವು ಇಲ್ಲಿ ಕೊಪ್ಪದ ಸಹಕಾರ ಸಾರಿಗೆಯನ್ನು ನೆನೆಯಬೇಕು. ಮುಚ್ಚಿದ ಬಸ್ಸು ಕಂಪೆನಿಯ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ ಅದು, ಚಾಲಕರೇ ಮಾಲಕರು. ಸುಮಾರು ಮೂರು ದಶಕ ಮಲೆನಾಡಿನ ಹಳ್ಳಿಗಳಿಗೆ ಬಸ್ಸು ಓಡಿಸಿ 2020ರಲ್ಲಿ ನಿಂತಿತು. ಲಾರಿ ಮಾತ್ರ ಓಡಿಸುವವರಿಗೆ ಬ್ಯಾಡ್ಜಿನ ಅವಸರವಿಲ್ಲ. ಜೇಸಿಬಿ, ಕ್ರೇನಿನಂಥವಕ್ಕೆ ಬೇರೆಯೇ ನಮೂದು ಉಂಟು; ಹೆವಿ ಇದೆಯೆಂದು ಅದನ್ನು ಮುಟ್ಟಬಾರದು.

ಹಜಾರ್ಡ್ ಕೊನೆಯದು. ಎರಡು ಮೂರು ವರ್ಷ ಘಾಟಿಯಲ್ಲಿ ಬೇರೆ ಲೋಡು ಓಡಿಸಿದ ಮೇಲೆ ಮಾಡಿಸಿ ಎಂದು ನಮ್ಮ ಸಲಹೆ. ಕಾನೂನು ಇಷ್ಟು ಕಾಯಲು ಹೇಳುವುದಿಲ್ಲ, ಪೆರ್ನೆ ಹೇಳುತ್ತದೆ. ಸಂಬಳ ಹೆಚ್ಚೆಂಬುದು ನಿಜವಿರಬಹುದು. ಆದರೆ ಆ ಕೆಲಸವೂ ಶಾಶ್ವತವಲ್ಲ. 2003ರಲ್ಲಿ ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲು, ಡೀಸೆಲ್ ಸಾಗಿಸುವ ಕೊಳವೆ ಬಂತು. ಆಮೇಲೆ ಅಡುಗೆ ಅನಿಲಕ್ಕೂ ಬಂತು. 2021ರ ಜನವರಿಯಲ್ಲಿ ಕೊಚ್ಚಿಯಿಂದ ಮಂಗಳೂರಿಗೆ ನೈಸರ್ಗಿಕ ಅನಿಲದ ಕೊಳವೆ ಉದ್ಘಾಟನೆಯಾಯಿತು. ಕುದುರೆಮುಖದ ಅದಿರಿನ ಹಾಗೆ ಎಣ್ಣೆಯೂ ಅನಿಲವೂ ನೆಲದಡಿಯಲ್ಲಿ ಹೋದಷ್ಟು ರಸ್ತೆಯಲ್ಲಿ ಕಡಿಮೆಯಾಗುತ್ತದೆ. ಊರಿನ ಸುರಕ್ಷತೆಗೆ ಅದು ಒಳ್ಳೆಯದೇ. ಟ್ಯಾಂಕರನ್ನೇ ನಂಬಿದವನು ಮಾತ್ರ ಇದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು.

ತಾರೀಕಿನ ಮಾತೊಂದು ಬಾಕಿ. ಸಾರಿಗೆ ಲೈಸನ್ಸಿನ ಅವಧಿ ಮೊದಲು ಮೂರು ವರ್ಷ ಇತ್ತು. 2019ರ ತಿದ್ದುಪಡಿಯಿಂದ ಐದು ವರ್ಷ ಆಗಿದೆ. ಹಜಾರ್ಡಿನದು ಒಂದು ವರ್ಷದಿಂದ ಮೂರು ವರ್ಷಕ್ಕೆ ಏರಿದೆ. ಆದರೆ ಮುಗಿದ ಮೇಲೂ ಮೂವತ್ತು ದಿನ ನಡೆಯುತ್ತಿದ್ದ ಹಳೆ ರಿಯಾಯಿತಿಯನ್ನು ಅದೇ ತಿದ್ದುಪಡಿ ತೆಗೆದುಹಾಕಿದೆ. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಕೊಡಬೇಕು. ಕಾರ್ಡಿನಲ್ಲಿ ಲೈಟಿಗೆ ಒಂದು ತಾರೀಕು, ಸಾರಿಗೆಗೆ ಇನ್ನೊಂದು ತಾರೀಕು ಇರುತ್ತದೆ. ದೂರದ ತಾರೀಕು ನೋಡಿ ಸಮಾಧಾನ ಪಟ್ಟುಕೊಂಡು ಹತ್ತಿರದ್ದನ್ನು ಮರೆತವರು ನಮ್ಮೂರಲ್ಲೇ ಇದ್ದಾರೆ.

ಸಂಘಕ್ಕೊಂದು ವಿನಂತಿ

ಇಪ್ಪತ್ತಾರನೇ ವರ್ಷಕ್ಕೆ ಕಾಲಿಡುವ ಸಂಘದ ಮುಂದೆ ಮೂರು ವಿನಂತಿ ಇಡುತ್ತೇವೆ. ಒಂದು, ವಾಹನ ಸಾಲದ ಕಡತದಲ್ಲಿ ಓಡಿಸುವವನ ಲೈಸನ್ಸಿನ ಪ್ರತಿ ಇರಲಿ, ವರ್ಷಕ್ಕೊಮ್ಮೆ ಅದರ ತಾರೀಕು ನೋಡಲಿ. ಎರಡು, ಲಾರಿಗೆ ಲಕ್ಷಗಟ್ಟಲೆ ಸಾಲ ಕೊಡುವ ನಾವು ಲೈಸನ್ಸ್ ಮಾಡಿಸಲಿಕ್ಕೆ, ತರಬೇತಿಗೆ ಸಣ್ಣ ಸಾಲ ಕೊಡುವ ಕ್ರಮ ಮಾಡಲಿ. ಮೂರು, ವರ್ಷಕ್ಕೊಂದು ದಿನ ನಿವೃತ್ತ ಚಾಲಕರನ್ನು ಸಂಘದ ಸಭಾಂಗಣಕ್ಕೆ ಕರೆದು ಹೊಸಬರ ಎದುರು ಕೂರಿಸಲಿ. ಮೂರಕ್ಕೂ ದೊಡ್ಡ ಖರ್ಚಿಲ್ಲ.

ಸಹಕಾರ ಎಂದರೆ ಒಬ್ಬನಿಗೆ ಗೊತ್ತಿಲ್ಲದ್ದನ್ನು ಇನ್ನೊಬ್ಬ ಹೇಳಿಕೊಡುವುದೂ ಹೌದು. ಮೊನ್ನೆ ಜಗಲಿಗೆ ಬಂದ ಹುಡುಗನೊಬ್ಬನ ಕಾರ್ಡನ್ನು ನಾವು ಕೇಳಿ ತೆಗೆದುಕೊಂಡು, ಕನ್ನಡಕ ಹಾಕಿ, ತಿರುಗಿಸಿ ಎರಡೂ ಬದಿ ನೋಡಿದೆವು. ಅವನಿಗೆ ಸ್ವಲ್ಪ ನಗು ಬಂತು. ನಗಲಿ. ಆ ಕೆಲಸ ಹತ್ತು ಹದಿನೈದು ವರ್ಷ ಮೊದಲೇ ಮಾಡಬೇಕಿತ್ತು.